ಮಲ್ಟಿಮೀಟರ್ ಕೈಗೆ ತಗೊಳ್ಳಿ: ವೋಲ್ಟ್, ಆಂಪ್ಸ್, ಓಮ್, ವ್ಯಾಟ್ ಮನೆಯಲ್ಲೇ ಅಳೆಯುವ ಬಗೆ

ನಮ್ಮಲ್ಲಿ ಎಲ್ಲಕ್ಕೂ ಒಂದೇ ಪದ: ಕರೆಂಟ್. ಕರೆಂಟ್ ಲೋ ಇದೆ, ಕರೆಂಟ್ ಹೊಡೀತು, ಕರೆಂಟ್ ಬಿಲ್ ಜಾಸ್ತಿ ಬಂತು. ಮಾತಿಗೆ ಇಷ್ಟು ಸಾಕು. ಮೀಟರ್ ಕೈಗೆ ಬಂದ ಮೇಲೆ ಮಾತ್ರ ಇವು ಮೂರೂ ಬೇರೆ ಬೇರೆ. ಲೋ ಇರುವುದು ವೋಲ್ಟೇಜ್. ಹೊಡೆದದ್ದು ಮೈಯೊಳಗೆ ಹರಿದ ಆಂಪ್ಸ್. ಬಿಲ್ಲಿಗೆ ಬಂದದ್ದು ಯೂನಿಟ್. ಏನನ್ನು ಅಳೆಯಲು ಹೊರಟಿದ್ದೇವೆ ಎಂದು ಮೊದಲೇ ಗೊತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಗೊತ್ತಿಲ್ಲದಿದ್ದರೆ ಮೀಟರ್ ಸುಡುತ್ತದೆ. ನಾನು ಸುಟ್ಟಿದ್ದೇನೆ, ಆ ಕಥೆ ಮುಂದೆ ಬರುತ್ತದೆ.

ಮಲೆನಾಡಿನ ಹಳೆ ಮನೆಗಳಲ್ಲಿ ಗುಡ್ಡದ ಮೇಲಿನ ಅಬ್ಬಿ ನೀರನ್ನು ಪೈಪಿನಲ್ಲಿ ಮನೆಗೆ ತರುತ್ತಾರೆ. ಗುಡ್ಡ ಎಷ್ಟು ಎತ್ತರವೋ ನೀರಿಗೆ ಅಷ್ಟು ಒತ್ತಡ, ಅದು ವೋಲ್ಟೇಜ್. ಪೈಪಿನಲ್ಲಿ ಸೆಕೆಂಡಿಗೆ ಹರಿಯುವ ನೀರು ಆಂಪ್ಸ್. ಪೈಪು ಸಣ್ಣದಿದ್ದು ಒಳಗೆ ಕಸ ಕಟ್ಟಿದ್ದರೆ ಅದು ರೋಧ, ಅಂದರೆ ಓಮ್. ಒಂದು ವಿಷಯ ನೆನಪಿಡಿ. ನಲ್ಲಿ ಮುಚ್ಚಿದ್ದಾಗ ಪೈಪಿನಲ್ಲಿ ಕಸ ಇದ್ದರೂ ಒತ್ತಡ ಪೂರ್ತಿ ತೋರಿಸುತ್ತದೆ. ತೆರೆದಾಗಲೇ ಬಣ್ಣ ಬಯಲಾಗುವುದು. ವಿದ್ಯುತ್ತೂ ಹಾಗೇ. ಮನೆಯಲ್ಲಿ ಅಳೆಯುವವರು ಅತಿ ಹೆಚ್ಚು ಮೋಸ ಹೋಗುವುದು ಇಲ್ಲೇ.

ಮೀಟರ್ ಕೊಳ್ಳುವಾಗ

ಅಂಗಡಿಯಲ್ಲಿ ಮೊದಲು ಸಿಗುವುದು ಹಳದಿ ಬಣ್ಣದ ಅಗ್ಗದ ಡಿಟಿ-830 ಮಾದರಿ. ಪೆನ್ಸಿಲ್ ಸೆಲ್, ಬೈಕ್ ಬ್ಯಾಟರಿ, ಚಾರ್ಜರ್ ನೋಡಲು ಅದು ಧಾರಾಳ ಸಾಕು. ಗೋಡೆಯ ಪ್ಲಗ್ಗಿಗೆ ಚುಚ್ಚಲು ನನಗೆ ಅದರ ಮೇಲೆ ನಂಬಿಕೆ ಇಲ್ಲ. ವೈರ್ ತೆಳ್ಳಗೆ, ಪ್ರೋಬಿನ (ಅಳೆಯಲು ಚುಚ್ಚುವ ಕಡ್ಡಿ) ತುದಿಯಲ್ಲಿ ಬೆರಳು ಜಾರದಂತೆ ತಡೆಯುವ ಅಂಚೂ ಚಿಕ್ಕದು. ಮನೆಯ ಲೈನ್ ಅಳೆಯಬೇಕಿದ್ದರೆ ಸ್ವಲ್ಪ ಜಾಸ್ತಿ ಕೊಟ್ಟು, ಮೈ ಮೇಲೆ ಕ್ಯಾಟ್ 3, 600 ವೋಲ್ಟ್ ಎಂದು ಬರೆದಿರುವ, ಹೆಸರು ಗೊತ್ತಿರುವ ಕಂಪನಿಯದ್ದು ತಗೊಳ್ಳಿ. ಲೈನಿನಲ್ಲಿ ದಿಢೀರನೆ ಏರುವ ವೋಲ್ಟೇಜನ್ನು ಮೀಟರ್ ಎಷ್ಟರ ಮಟ್ಟಿಗೆ ತಾಳುತ್ತದೆ ಎಂದು ಹೇಳುವ ದರ್ಜೆ ಅದು. ಇನ್ನೂ ಒಳ್ಳೆಯದೆಂದರೆ ಕ್ಲ್ಯಾಂಪ್ ಮೀಟರ್. ಯಾಕೆ ಎಂದು ಆಂಪ್ಸ್ ವಿಷಯಕ್ಕೆ ಬಂದಾಗ ಹೇಳುತ್ತೇನೆ.

ಮೀಟರಿನಲ್ಲಿ ಸಾಮಾನ್ಯವಾಗಿ ಮೂರು ತೂತು. ಕಾಮ್ ಎಂದಿರುವಲ್ಲಿ ಕಪ್ಪು ಪ್ರೋಬ್, ಯಾವಾಗಲೂ. ವೋಲ್ಟ್ ಮತ್ತು ಓಮ್ ಗುರುತಿರುವಲ್ಲಿ ಕೆಂಪು. ಮೂರನೆಯದು 10 ಆಂಪ್ಸ್ ತೂತು. ಅದನ್ನು ಹಾವಿನ ಬಿಲದ ಹಾಗೆ ನೋಡಿ.

ನಾಬ್ ಮೇಲೆ ವಿ ಅಕ್ಷರದ ಪಕ್ಕ ಅಲೆಯ ಗುರುತಿದ್ದರೆ ಎಸಿ, ಅಂದರೆ ದಿಕ್ಕು ಬದಲಿಸುತ್ತಾ ಹರಿಯುವ ಗೋಡೆಯ ಕರೆಂಟ್. ನೇರ ಗೆರೆ ಇದ್ದರೆ ಡಿಸಿ, ಅಂದರೆ ಒಂದೇ ದಿಕ್ಕಿಗೆ ಹರಿಯುವ ಬ್ಯಾಟರಿ ಕರೆಂಟ್. ಕುದುರೆ ಲಾಳದ ಹಾಗಿರುವುದು ಓಮ್. ಅಂದಾಜು ಗೊತ್ತಿಲ್ಲದಿದ್ದರೆ ದೊಡ್ಡ ರೇಂಜಿನಿಂದ ಶುರು ಮಾಡಿ ಕೆಳಗೆ ಬನ್ನಿ. ಪರದೆಯ ಎಡಗಡೆ ಬರೀ 1 ಬಂದು ನಿಂತರೆ ರೇಂಜ್ ಸಾಲದು ಎಂದರ್ಥ. ಒಂದು ವೋಲ್ಟ್ ಎಂದು ಬರೆದುಕೊಂಡವರನ್ನೂ ನೋಡಿದ್ದೇನೆ.

ಸೆಲ್ಲಿನಿಂದ ಶುರು ಮಾಡಿ

ಮೊದಲ ದಿನವೇ ಗೋಡೆಗೆ ಹೋಗಬೇಡಿ. ಗೋಡೆ ಗಡಿಯಾರದ ಸೆಲ್ ತೆಗೆಯಿರಿ. ನಾಬ್ ಡಿಸಿ 20ಕ್ಕೆ. ಕೆಂಪು ಪ್ರೋಬ್ ಸೆಲ್ಲಿನ ಉಬ್ಬಿದ ತುದಿಗೆ, ಕಪ್ಪು ಚಪ್ಪಟೆ ತುದಿಗೆ. ಹೊಸದಾದರೆ 1.5ರಿಂದ 1.6 ಬರುತ್ತದೆ. ಪ್ರೋಬ್ ಅದಲುಬದಲು ಮಾಡಿ ನೋಡಿ, ಮುಂದೆ ಮೈನಸ್ ಗುರುತು ಬರುತ್ತದೆ. ಏನೂ ಹಾಳಾಗುವುದಿಲ್ಲ. ವೋಲ್ಟ್ ಅಂದರೆ ಎರಡು ಜಾಗಗಳ ನಡುವಿನ ವ್ಯತ್ಯಾಸ. ಅದಕ್ಕೇ ಎರಡು ಪ್ರೋಬ್ ಬೇಕು. ಈ ಅಳತೆಗೆ ಹೆಸರು ಕೊಟ್ಟ ಇಟಲಿಯ ಅಲೆಸ್ಸಾಂಡ್ರೊ ವೋಲ್ಟಾ 1800ರಲ್ಲಿ ಸತು, ತಾಮ್ರದ ಬಿಲ್ಲೆಗಳ ನಡುವೆ ಉಪ್ಪುನೀರಿನಲ್ಲಿ ನೆನೆಸಿದ ತುಂಡುಗಳನ್ನಿಟ್ಟು ಪೇರಿಸಿ ಮಾಡಿದ್ದೂ ಇಂಥದ್ದೇ ಒಂದು ಸೆಲ್ಲಿನ ಕಂಬ.

ಈಗ ಕಾರಿನ ಅಥವಾ ಇನ್ವರ್ಟರಿನ 12 ವೋಲ್ಟ್ ಬ್ಯಾಟರಿ. ಚಾರ್ಜ್ ನಿಲ್ಲಿಸಿ ಒಂದೆರಡು ಗಂಟೆ ಸುಮ್ನೆ ಬಿಟ್ಟ ಮೇಲೆ 12.6ರ ಹತ್ತಿರ ಇದ್ದರೆ ತುಂಬಿದೆ. 12ಕ್ಕೆ ಇಳಿದಿದ್ದರೆ ಹೆಚ್ಚುಕಮ್ಮಿ ಖಾಲಿ. ಎಂಜಿನ್ ಓಡುತ್ತಿರುವಾಗ 13.8ರಿಂದ 14.4 ಬಂದರೆ ಆಲ್ಟರ್ನೇಟರ್ ಚಾರ್ಜ್ ಕೊಡುತ್ತಿದೆ. ಕಾರಿನ ಬ್ಯಾಟರಿಯ ನಿಜವಾದ ಪರೀಕ್ಷೆ ಮಾತ್ರ ಸ್ಟಾರ್ಟ್ ಮಾಡುವಾಗ. ಪ್ರೋಬ್ ಹಿಡಿದುಕೊಂಡು ಇನ್ನೊಬ್ಬರಿಗೆ ಕೀ ತಿರುಗಿಸಲು ಹೇಳಿ. ಸುಮ್ಮನಿದ್ದಾಗ 12.5 ತೋರಿಸಿದ ಬ್ಯಾಟರಿ ಆ ಒಂದು ಕ್ಷಣ 8ಕ್ಕೆ ಬಿದ್ದರೆ ಅದರ ಆಯಸ್ಸು ಮುಗಿಯುತ್ತಾ ಬಂದಿದೆ. 10ರ ಮೇಲೆ ನಿಂತರೆ ಇನ್ನೂ ಓಡುತ್ತದೆ.

ಗೋಡೆಯ 230

ನಮ್ಮ ದೇಶದಲ್ಲಿ ಮನೆಗೆ ಬರುವುದು 230 ವೋಲ್ಟ್ ಎಸಿ, ಸೆಕೆಂಡಿಗೆ 50 ಆವರ್ತ. 216ರಿಂದ 244ರ ಒಳಗೆ ಇದ್ದರೆ ಚಿಂತೆಯಿಲ್ಲ. ತೋಟದ ಐಪಿ ಸೆಟ್‌ಗೆ (ನೀರಾವರಿ ಪಂಪಿಗೆ) ಬರುವ ತ್ರೀ ಫೇಸ್‌ನಲ್ಲಿ ಎರಡು ಫೇಸ್‌ಗಳ ನಡುವೆ 400 ಇರುತ್ತದೆ, ಹಳೆ ಮೋಟಾರಿನ ಪ್ಲೇಟ್ ಮೇಲೆ 415 ಎಂದು ಬರೆದಿರುತ್ತದೆ. ಹೊಸಬರು ಅದರ ತಂಟೆಗೆ ಹೋಗಬೇಡಿ. ವಿದ್ಯುತ್ ಕಂಪನಿಯವರ ಮೀಟರಿನ ಸೀಲನ್ನಂತೂ ಯಾರೂ ಮುಟ್ಟಬಾರದು.

ಗೋಡೆಗೆ ಚುಚ್ಚುವ ಮೊದಲು: ಕಾಲಿಗೆ ಒಣ ರಬ್ಬರ್ ಚಪ್ಪಲಿ. ಕೈ ಒಣಗಿರಲಿ. ಪ್ರೋಬಿನ ವೈರ್ ಎಲ್ಲೂ ಬಿರಿದಿರಬಾರದು. ನಾಬ್ ಎಸಿ 750 ಅಥವಾ 600ಕ್ಕೆ. ಕೆಂಪು ಪ್ರೋಬ್ ವೋಲ್ಟ್ ತೂತಿನಲ್ಲೇ ಇದೆಯಾ ಎಂದು ಬೆರಳಿಟ್ಟು ನೋಡಿ. ಆಮೇಲೆ:

1. ಮೊದಲು ಕಪ್ಪು ಪ್ರೋಬನ್ನು ನ್ಯೂಟ್ರಲ್‌ಗೆ, ಆಮೇಲೆ ಕೆಂಪನ್ನು ಫೇಸ್‌ಗೆ ಇಡಿ. ಸಾಕೆಟ್ಟಿನ ತೂತುಗಳಿಗೆ ಮುಖ ಮಾಡಿ ನಿಂತರೆ, ಸರಿಯಾಗಿ ವೈರಿಂಗ್ ಆದ ಸಾಕೆಟ್ಟಿನಲ್ಲಿ ಬಲಗಡೆಯದು ಫೇಸ್ (ಕರೆಂಟ್ ಬರುವ ವೈರ್), ಎಡಗಡೆಯದು ನ್ಯೂಟ್ರಲ್ (ವಾಪಸ್ ಹೋಗುವ ವೈರ್), ಮೇಲಿನ ದೊಡ್ಡ ತೂತು ಅರ್ಥ್ (ನೆಲಕ್ಕೆ ಹೋಗುವ ವೈರ್). 230ರ ಆಸುಪಾಸು ಬರಬೇಕು.
2. ಫೇಸ್ ಮತ್ತು ಅರ್ಥ್ ನಡುವೆ ಅಳೆಯಿರಿ. ಮೊದಲಿನಷ್ಟೇ ಬರಬೇಕು.
3. ನ್ಯೂಟ್ರಲ್ ಮತ್ತು ಅರ್ಥ್ ನಡುವೆ. ಎರಡು ಮೂರು ವೋಲ್ಟ್ ಇದ್ದರೆ ಸರಿ. ಹತ್ತು ಇಪ್ಪತ್ತು ಬಂದರೆ ನ್ಯೂಟ್ರಲ್ ಲೂಸ್ ಆಗಿರಬಹುದು, ಇಲ್ಲವೇ ಅರ್ಥಿಂಗ್ ಕೆಟ್ಟಿರಬಹುದು. ಎಲೆಕ್ಟ್ರಿಷಿಯನ್ ಕರೆಯಿರಿ.

ಮಕ್ಕಳಿಗಾಗಿ ಶಟರ್ ಇರುವ ಸಾಕೆಟ್ ಆದರೆ ಪ್ರೋಬ್ ಒಳಗೆ ಹೋಗುವುದೇ ಇಲ್ಲ. ಕಡ್ಡಿ ತುರುಕಿ ಶಟರ್ ತೆರೆಯುವ ಸಾಹಸ ಬೇಡ. ಒಳ್ಳೆಯ ಎಕ್ಸ್‌ಟೆನ್ಷನ್ ಬೋರ್ಡ್ ಚುಚ್ಚಿ ಅದರಲ್ಲಿ ಅಳೆಯಿರಿ.

ಎರಡನೆಯ ಹೆಜ್ಜೆಯ ಬಗ್ಗೆ ಒಂದು ಎಚ್ಚರಿಕೆ. ಫೇಸ್‌ಗೂ ಅರ್ಥ್‌ಗೂ ನಡುವೆ 230 ಬಂತು, ಹಾಗಾಗಿ ಅರ್ಥಿಂಗ್ ಚೆನ್ನಾಗಿದೆ ಎಂದು ತೀರ್ಮಾನಿಸಬೇಡಿ. ಡಿಜಿಟಲ್ ಮೀಟರ್ ಎಳೆಯುವ ಕರೆಂಟ್ ಎಷ್ಟು ಕಡಿಮೆ ಎಂದರೆ, ತುಕ್ಕು ಹಿಡಿದು ದಾರದಷ್ಟು ಉಳಿದ ಅರ್ಥ್ ವೈರ್ ಇದ್ದರೂ ಅದು 230 ಎನ್ನುತ್ತದೆ. ಅರ್ಥಿಂಗ್ ಅಳೆಯಲು ಬೇರೆಯೇ ಟೆಸ್ಟರ್ ಇದೆ, ಅದು ಎಲೆಕ್ಟ್ರಿಷಿಯನ್ ಕೆಲಸ. ಇದೇ ಕಾರಣಕ್ಕೆ ಮೀಟರ್ ಇನ್ನೊಂದು ಆಟ ಆಡುತ್ತದೆ. ಸ್ವಿಚ್ ಆಫ್ ಆಗಿರುವ ವೈರಿಗೆ ಹಿಡಿದರೆ 60, 80 ವೋಲ್ಟ್ ತೋರಿಸಬಹುದು. ಪಕ್ಕದಲ್ಲಿ ಓಡುವ ಲೈವ್ ವೈರಿನ ನೆರಳು ಅದು. ಅಲ್ಲಿಗೆ ಒಂದು ಬಲ್ಬ್ ಹಾಕಿದರೆ ಸೊನ್ನೆಗೆ ಇಳಿಯುತ್ತದೆ. ಹಾಗಂತ ಸಂಶಯ ಬಂದ ವೈರನ್ನು ಬರಿಗೈಯಲ್ಲಿ ಮುಟ್ಟಿ ನೋಡಬೇಡಿ ಮತ್ತೆ. ಲೈನ್ ನಿಜಕ್ಕೂ ಆಫ್ ಆಗಿದೆಯಾ ಎಂದು ತಿಳಿಯಬೇಕಿದ್ದರೆ ಮೊದಲು ಕರೆಂಟ್ ಇರುವ ಪ್ಲಗ್ಗಿನಲ್ಲಿ ಮೀಟರ್ ಸರಿ ತೋರಿಸುತ್ತಿದೆಯಾ ನೋಡಿ, ಆಮೇಲೆ ನಿಮ್ಮ ವೈರ್, ಮತ್ತೆ ಅದೇ ಪ್ಲಗ್. ಮೀಟರ್ ಒಳಗಿನ ಬ್ಯಾಟರಿ ಸತ್ತು ಸೊನ್ನೆ ತೋರಿಸಿದರೆ ಸಾಯುವುದು ನಾವು.

ಅಡಿಗೆಮನೆಯ 18 ವೋಲ್ಟ್ ಎಲ್ಲಿ ಹೋಯ್ತು?

ನಮ್ಮ ಮನೆಯಲ್ಲಿ ಮಿಕ್ಸಿ ಹಾಕಿದರೆ ಅಡಿಗೆಮನೆಯ ಲೈಟು ಡಿಮ್ ಆಗುತ್ತಿತ್ತು. "ಟಿಸಿ ದೂರ ಇದೆ, ಲೋ ವೋಲ್ಟೇಜು" (ಟಿಸಿ ಅಂದರೆ ಟ್ರಾನ್ಸ್‌ಫಾರ್ಮರ್) ಅಂತ ಎಲ್ಲರೂ ಒಪ್ಪಿಕೊಂಡು ಕೂತಿದ್ದೆವು. ಅಡಿಗೆಮನೆ ಪ್ಲಗ್ಗಿಗೆ ಮೀಟರ್ ಹಿಡಿದೆ: 226. ಇದು ಲೋ ಅಲ್ಲವೇ ಅಲ್ಲ! ಆಮೇಲೆ ತಲೆಗೆ ಹೊಳೆಯಿತು. ನಲ್ಲಿ ಮುಚ್ಚಿಟ್ಟು ಒತ್ತಡ ನೋಡುತ್ತಿದ್ದೇನೆ.

ಅದೇ ಬೋರ್ಡಿಗೆ 1000 ವ್ಯಾಟಿನ ಇಸ್ತ್ರಿಪೆಟ್ಟಿಗೆ ಹಾಕಿದೆ. 226 ಇದ್ದದ್ದು 204ಕ್ಕೆ ಬಿತ್ತು. ಇಸ್ತ್ರಿಪೆಟ್ಟಿಗೆ ಹಾಗೇ ಇಟ್ಟು ಮೇನ್ ಸ್ವಿಚ್ ಹತ್ತಿರದ ಪ್ಲಗ್ಗಿನಲ್ಲಿ ಅಳೆದೆ: 222. ಅಲ್ಲಿಗೆ ವಿಷಯ ಸ್ಪಷ್ಟವಾಯಿತು. ಟಿಸಿಯಿಂದ ಮನೆವರೆಗಿನ ಅಷ್ಟುದ್ದ ಲೈನಿನಲ್ಲಿ ಕಳೆದದ್ದು ಬರೀ 4 ವೋಲ್ಟ್. ಮನೆಯೊಳಗಿನ ಹದಿನೈದು ಮೀಟರ್ ವೈರಿನಲ್ಲಿ 18.

ಲೆಕ್ಕ ಹಾಕಿ. ಆಗ ಹರಿಯುತ್ತಿದ್ದದ್ದು 3.8 ಆಂಪ್ಸ್. 18 ವೋಲ್ಟನ್ನು 3.8ರಿಂದ ಗುಣಿಸಿದರೆ 68 ವ್ಯಾಟ್. ಒಳ್ಳೆಯ ವೈರ್ ಆಗಿದ್ದರೆ ಅಷ್ಟು ಉದ್ದಕ್ಕೆ ಒಂದೂವರೆ ವೋಲ್ಟ್ ಹೋಗಬೇಕಿತ್ತು. ಅಂದರೆ ಗೋಡೆಯೊಳಗೆ ಎಲ್ಲೋ ಒಂದು ಕಡೆ 60 ವ್ಯಾಟಿಗೂ ಜಾಸ್ತಿ ಬಿಸಿ ಹುಟ್ಟುತ್ತಿದೆ. ಮೊಬೈಲ್ ರಿಪೇರಿಯವರ ಸೋಲ್ಡರಿಂಗ್ ಐರನ್ 25 ವ್ಯಾಟ್. ಎರಡು ಐರನ್ ಹಚ್ಚಿ ಗೋಡೆಯೊಳಗೆ ಇಟ್ಟ ಹಾಗಾಯಿತು!

ಮೇನ್ ಆಫ್ ಮಾಡಿಸಿ, ಎಲೆಕ್ಟ್ರಿಷಿಯನ್ ಬಂದು ಅಟ್ಟದ ಕೆಳಗಿನ ಜಂಕ್ಷನ್ ಬಾಕ್ಸ್ ಬಿಚ್ಚಿದ. ನ್ಯೂಟ್ರಲ್ ವೈರುಗಳನ್ನು ಕೈಯಲ್ಲೇ ತಿರುಚಿ ಟೇಪ್ ಸುತ್ತಿದ್ದರು. ಟೇಪು ಬೆಲ್ಲದ ಪಾಕದ ಹಾಗೆ ಕರಗಿ ಕೆಳಗಿಳಿದಿತ್ತು. ತಾಮ್ರ ಕಪ್ಪಾಗಿ, ಮುಟ್ಟಿದರೆ ಪುಡಿ ಉದುರುತ್ತಿತ್ತು. ತುದಿ ಕತ್ತರಿಸಿ ಕನೆಕ್ಟರ್ ಹಾಕಿದ ಮೇಲೆ ಅದೇ ಇಸ್ತ್ರಿಪೆಟ್ಟಿಗೆಗೆ 220.

ನಿಮ್ಮ ಮನೆಯಲ್ಲೂ ಮಾಡಿ ನೋಡಿ. ಪ್ರತಿ ಪವರ್ ಪ್ಲಗ್ಗಿನಲ್ಲಿ ಲೋಡ್ ಇಲ್ಲದೆ ಒಂದು ಸಲ, ಇಸ್ತ್ರಿಪೆಟ್ಟಿಗೆ ಹಾಕಿ ಒಂದು ಸಲ ಅಳೆದು ಬರೆದುಕೊಳ್ಳಿ. ಯಾವುದೋ ಒಂದು ಪ್ಲಗ್ ಮಾತ್ರ ಬೇರೆಯವುಗಳಿಗಿಂತ ಜಾಸ್ತಿ ಬಿದ್ದರೆ ಅದರ ದಾರಿಯಲ್ಲಿ ಕೆಟ್ಟ ಜಾಯಿಂಟ್ ಇದೆ.

ಓಮ್: ಕರೆಂಟ್ ತೆಗೆದ ಮೇಲೆ ಮಾತ್ರ

ಓಮ್ ಅಳೆಯುವಾಗ ಮೀಟರ್ ತನ್ನ ಬ್ಯಾಟರಿಯಿಂದಲೇ ಸ್ವಲ್ಪ ಕರೆಂಟ್ ಕಳಿಸಿ ನೋಡುತ್ತದೆ. ಹಾಗಾಗಿ ವಸ್ತುವಿನ ಪ್ಲಗ್ ಕಿತ್ತು ಕೈಯಲ್ಲಿರಬೇಕು. ಸ್ವಿಚ್ ಆಫ್ ಮಾಡಿದರೆ ಸಾಲದು. ಮೊದಲು ಎರಡೂ ಪ್ರೋಬ್ ತುದಿ ಮುಟ್ಟಿಸಿ. 0.3 ಅಥವಾ 0.5 ಬರುತ್ತದೆ, ಅದು ಪ್ರೋಬ್ ವೈರಿನದ್ದೇ ರೋಧ, ಕಳೆದುಬಿಡಿ.

ಗೀಸರ್ ನೀರು ಕಾಯಿಸುತ್ತಿಲ್ಲವೆ? ಗೋಡೆಗೆ ಕೂರಿಸಿದ ಗೀಸರ್ ಆದರೆ ಎಂಸಿಬಿ (ಆ ಲೈನಿನ ಸುರಕ್ಷತಾ ಸ್ವಿಚ್) ಇಳಿಸಿ, ಪ್ಲಗ್ ಕಿತ್ತು, ಗೀಸರಿನ ಸ್ವಿಚ್ ಆನ್ ಸ್ಥಿತಿಯಲ್ಲಿಟ್ಟು ಪ್ಲಗ್ಗಿನ ಫೇಸ್, ನ್ಯೂಟ್ರಲ್ ಪಿನ್ನುಗಳ ಮಧ್ಯೆ ಅಳೆಯಿರಿ. ದೊಡ್ಡದಾದ ಅರ್ಥ್ ಪಿನ್ ಬಿಟ್ಟು. 2000 ವ್ಯಾಟ್ ಗೀಸರಿಗೆ 26 ಓಮ್ ಬರಬೇಕು. 1500 ವ್ಯಾಟಿನ ಕಾಯಿಲ್‌ಗೆ 35. ಇಸ್ತ್ರಿಪೆಟ್ಟಿಗೆಗೆ 53. 230ನ್ನು 230ರಿಂದ ಗುಣಿಸಿ ವ್ಯಾಟಿನಿಂದ ಭಾಗಿಸಿದರೆ ಈ ಸಂಖ್ಯೆ ಸಿಗುತ್ತದೆ. ಏನೂ ಬಾರದೆ 1 ಮಾತ್ರ ನಿಂತರೆ ಕಾಯಿಲ್ ತುಂಡಾಗಿದೆ, ಇಲ್ಲವೇ ಥರ್ಮೋಸ್ಟ್ಯಾಟ್ (ಬಿಸಿಯಾದಾಗ ತಾನೇ ಆಫ್ ಆಗುವ ಸ್ವಿಚ್) ತೆರೆದುಕೊಂಡಿದೆ. ಆಮೇಲೆ ಒಂದು ಪ್ರೋಬ್ ಅರ್ಥ್ ಪಿನ್ನಿಗೆ ಇಟ್ಟು ದೊಡ್ಡ ರೇಂಜಿನಲ್ಲಿ ನೋಡಿ. ಏನೂ ತೋರಿಸಬಾರದು. ಸಂಖ್ಯೆ ಬಂದರೆ ಗೀಸರಿನ ಮೈಗೆ ಕರೆಂಟ್ ಸೋರುತ್ತಿದೆ. ಅದನ್ನು ಬಳಸಬೇಡಿ.

ಒಂದು ತಮಾಷೆ ನೋಡಿ. ಹಳೆಯ 100 ವ್ಯಾಟ್ ಬುರುಡೆ ಬಲ್ಬ್ ಇದ್ದರೆ ಓಮ್ ಅಳೆಯಿರಿ. ಲೆಕ್ಕದ ಪ್ರಕಾರ 529 ಇರಬೇಕು. ಮೀಟರ್ 40ರ ಆಸುಪಾಸು ತೋರಿಸುತ್ತದೆ! ಲೆಕ್ಕ ಸರಿ, ಮೀಟರೂ ಸರಿ. ಟಂಗ್‌ಸ್ಟನ್ ತಂತಿ ತಣ್ಣಗಿದ್ದಾಗ ರೋಧ ಕಡಿಮೆ, ಬೆಳ್ಳಗೆ ಕಾದಾಗ ಹತ್ತು ಪಟ್ಟಿಗೂ ಜಾಸ್ತಿ. ಸ್ವಿಚ್ ಹಾಕಿದ ಮೊದಲ ಕ್ಷಣ ಅದು ಐದಾರು ಆಂಪ್ಸ್ ಎಳೆಯುತ್ತದೆ. ಬಲ್ಬುಗಳು ಹೆಚ್ಚಾಗಿ ಸ್ವಿಚ್ ಹಾಕುವಾಗಲೇ ಪಟ್ಟನೆ ಹೋಗುತ್ತಿದ್ದದ್ದು ಅದಕ್ಕೇ. ವೋಲ್ಟ್, ಆಂಪ್ಸ್, ಓಮ್ ಮೂರರ ಸಂಬಂಧವನ್ನು 1827ರಲ್ಲಿ ಪುಸ್ತಕ ಬರೆದು ಹೇಳಿದ ಜರ್ಮನಿಯ ಮೇಷ್ಟ್ರು ಗೇಯಾರ್ಗ್ ಓಮ್ ಅವರ ನಿಯಮ ಬಿಸಿ ಬದಲಾಗದಿದ್ದರೆ ಮಾತ್ರ ನೆಟ್ಟಗೆ ನಡೆಯುತ್ತದೆ.

ಆಂಪ್ಸ್: ಇಲ್ಲೇ ಮೀಟರ್ ಸುಡುವುದು

ವೋಲ್ಟ್ ಅಳೆಯಲು ಎರಡು ಜಾಗಕ್ಕೆ ಮುಟ್ಟಿಸಿದರೆ ಸಾಕು. ಆಂಪ್ಸ್ ಅಳೆಯಬೇಕಾದರೆ ಹರಿಯುವ ಕರೆಂಟೆಲ್ಲ ಮೀಟರಿನ ಒಳಗೇ ಹಾದು ಹೋಗಬೇಕು. ಅದಕ್ಕೆ 10 ಆಂಪ್ಸ್ ತೂತಿನ ಒಳಗಿರುವುದು ಒಂದು ದಪ್ಪ ತಂತಿಯಷ್ಟೇ. ರೋಧ ಹೆಚ್ಚುಕಮ್ಮಿ ಸೊನ್ನೆ.

ಪಿಯುಸಿ ಓದುವಾಗ ಬೈಕ್ ಬ್ಯಾಟರಿಯ ಕರೆಂಟ್ ಅಳೆದು, ಕೆಂಪು ಪ್ರೋಬ್ ಅದೇ ತೂತಿನಲ್ಲಿ ಬಿಟ್ಟಿದ್ದೆ. ಸಂಜೆ ನಾಬ್ ಎಸಿ ವೋಲ್ಟಿಗೆ ತಿರುಗಿಸಿ ಗೋಡೆಗೆ ಚುಚ್ಚಿದೆ. ನಾಬ್ ಏನೇ ಹೇಳಲಿ, ಫೇಸ್‌ಗೂ ನ್ಯೂಟ್ರಲ್‌ಗೂ ನಡುವೆ ನಾನು ಇಟ್ಟದ್ದು ಒಂದು ತಂತಿ. ಢಂ ಅಂತು. ಪ್ರೋಬಿನ ತುದಿ ಉಂಡೆಯಾಗಿ ಹೋಯಿತು, ಸಾಕೆಟ್ಟಿನ ಮೇಲೆ ಕಪ್ಪು ಮಸಿ, ಮನೆಯೆಲ್ಲ ಕತ್ತಲೆ. ಅಪ್ಪ ಒಳಗಿಂದ "ಏನಾಯ್ತೋ?" ಅಂದರು. ಅಗ್ಗದ ಮೀಟರುಗಳಲ್ಲಿ ಆ ತೂತಿಗೆ ಫ್ಯೂಸೂ ಇರುವುದಿಲ್ಲ. ಅಂದಿನಿಂದ ಆಂಪ್ಸ್ ಅಳೆದ ಕೂಡಲೇ, ಮೀಟರ್ ಕೆಳಗಿಡುವ ಮೊದಲೇ, ಪ್ರೋಬನ್ನು ವೋಲ್ಟ್ ತೂತಿಗೆ ಬದಲಿಸುತ್ತೇನೆ.

ಡಿಟಿ-830ರಲ್ಲಿ ಎಸಿ ಆಂಪ್ಸ್ ಅಳೆಯುವ ಸೌಲಭ್ಯವೇ ಇಲ್ಲ. ಮನೆ ಲೈನಿಗೆ ಕ್ಲ್ಯಾಂಪ್ ಮೀಟರ್ ಬೇಕು ಎಂದದ್ದು ಅದಕ್ಕೇ. ಇಕ್ಕಳದ ಹಾಗೆ ಬಾಯಿ ತೆರೆದು ವೈರನ್ನು ಸುತ್ತುವರಿಯುತ್ತದೆ. ಏನನ್ನೂ ಬಿಚ್ಚಬೇಕಿಲ್ಲ. ಹೊಸದಾಗಿ ತಗೊಂಡವರು ಮಿಕ್ಸಿಯ ಕೇಬಲ್ ಇಡಿಯಾಗಿ ಸುತ್ತಿ, ಸೊನ್ನೆ ಬಂತೆಂದು ಅಂಗಡಿಗೆ ವಾಪಸ್ ಒಯ್ಯುತ್ತಾರೆ. ಕೇಬಲ್ಲಿನಲ್ಲಿ ಹೋಗುವುದೂ ಇದೆ, ಬರುವುದೂ ಇದೆ. ಎರಡೂ ಒಂದನ್ನೊಂದು ಅಳಿಸಿಬಿಡುತ್ತವೆ. ಒಂದೇ ವೈರ್ ಸಿಗಬೇಕು. ಒಂದು ಚಿಕ್ಕ ಎಕ್ಸ್‌ಟೆನ್ಷನ್ ಬೋರ್ಡಿಗೆ ಮೂರು ಬಿಡಿ ವೈರ್ ಹಾಕಿಸಿಕೊಳ್ಳಿ, 2.5 ಚದರ ಮಿಲಿಮೀಟರಿನದು. ಪ್ರತಿ ವೈರಿಗೂ ತನ್ನ ಪ್ಲಾಸ್ಟಿಕ್ ಹೊದಿಕೆ ಪೂರ್ತಿ ಇರಲಿ. ಅದರಲ್ಲಿ ಫೇಸ್ ವೈರಿಗೆ ಮಾತ್ರ ಇಕ್ಕಳ ಹಾಕಿ.

ಎಲ್‌ಇಡಿ ಬಲ್ಬ್, ಫ್ಯಾನಿನಂಥ ಸಣ್ಣ ಲೋಡಿಗೆ ಅಂಕಿ ಸರಿಯಾಗಿ ಬರುವುದಿಲ್ಲ. ಆಗ ಅದೇ ಫೇಸ್ ವೈರನ್ನು ಇಕ್ಕಳದ ಮೂಲಕ ಹತ್ತು ಸುತ್ತು ಹಾಯಿಸಿ, ಬಂದದ್ದನ್ನು ಹತ್ತರಿಂದ ಭಾಗಿಸಿ. ಸಂಪಿನ 1 ಎಚ್‌ಪಿ ಮೋಟಾರ್ ಮಾಮೂಲಿಯಾಗಿ ಆರೇಳು ಆಂಪ್ಸ್ ಎಳೆಯುತ್ತದೆ. ಸ್ಟಾರ್ಟ್ ಆಗುವಾಗ ಅದರ ಐದಾರು ಪಟ್ಟು. ನಿಮ್ಮ ಮೋಟಾರ್ ಚೆನ್ನಾಗಿ ಓಡುತ್ತಿರುವಾಗಲೇ ಒಂದು ದಿನ ಅಳೆದು ಗೋಡೆ ಮೇಲೆ ಪೆನ್ಸಿಲ್ಲಿನಲ್ಲಿ ಬರೆದಿಡಿ. ಮುಂದೆ ಜಾಸ್ತಿ ಬರಲು ಶುರುವಾದರೆ ಬೇರಿಂಗ್ ಬಿಗಿಯುತ್ತಿದೆಯೋ, ವೋಲ್ಟೇಜ್ ಇಳಿದಿದೆಯೋ ಎಂದು ನೋಡಬಹುದು. ಮೈಗೆ ಎಷ್ಟು ಆಂಪ್ಸ್ ಅಪಾಯ ಅಂತೀರಾ? ಆರ್‌ಸಿಸಿಬಿ (ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್) 0.03 ಆಂಪ್ಸ್ ಸೋರಿದರೆ ಟ್ರಿಪ್ ಆಗುವಂತೆ ಮಾಡಿರುವುದು ಸುಮ್ನೆ ಅಲ್ಲ.

ವ್ಯಾಟ್ ಮತ್ತು ಯೂನಿಟ್

ವೋಲ್ಟನ್ನು ಆಂಪ್ಸ್‌ನಿಂದ ಗುಣಿಸಿದರೆ ವ್ಯಾಟ್. ಗೀಸರ್, ಇಸ್ತ್ರಿಪೆಟ್ಟಿಗೆಗೆ ಇದು ಸರಿಯಾಗಿ ಹೊಂದುತ್ತದೆ. ಮೋಟಾರ್, ಫ್ಯಾನಿಗೆ ನಿಜವಾದ ವ್ಯಾಟ್ ಇದಕ್ಕಿಂತ ಕಡಿಮೆ ಇರುತ್ತದೆ, ಪವರ್ ಫ್ಯಾಕ್ಟರ್ ಎನ್ನುವುದು ಅದನ್ನೇ. ಒಂದೇ ವ್ಯಾಟನ್ನು ವೋಲ್ಟ್ ಏರಿಸಿ ಆಂಪ್ಸ್ ಇಳಿಸಿಯೂ ಕಳಿಸಬಹುದು. ತಂತಿಯಲ್ಲಿ ಆಗುವ ನಷ್ಟ ಆಂಪ್ಸ್‌ನ ವರ್ಗಕ್ಕೆ ತಕ್ಕ ಹಾಗೆ. 1902ರಲ್ಲಿ ಶಿವನಸಮುದ್ರದಿಂದ ಸುಮಾರು 150 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಒಯ್ದಾಗ ಹತ್ತಾರು ಸಾವಿರ ವೋಲ್ಟಿಗೆ ಏರಿಸಿ ಕಳಿಸಿದ್ದು ಇದೇ ಕಾರಣಕ್ಕೆ. 230ರಲ್ಲಿ ಕಳಿಸಿದ್ದರೆ ನಮ್ಮ ಅಡಿಗೆಮನೆ ಜಾಯಿಂಟಿನ ಕಥೆಯೇ ಆಗುತ್ತಿತ್ತು, ದಾರಿಯುದ್ದಕ್ಕೂ.

ಯೂನಿಟ್ ಅಂದರೆ 1000 ವ್ಯಾಟ್ ಒಂದು ಗಂಟೆ. ಗೃಹಜ್ಯೋತಿ ಬಂದ ಮೇಲೆ, ಅಂದರೆ 2023ರಿಂದ, 200 ಯೂನಿಟ್ ಎಂಬ ಗಡಿ ಎಲ್ಲರ ಬಾಯಲ್ಲೂ ಇದೆ. ಯಾವುದು ಎಷ್ಟು ತಿನ್ನುತ್ತದೆ ಎಂದು ತಿಳಿಯಲು ಏನೂ ಕೊಳ್ಳಬೇಕಿಲ್ಲ. ಮನೆ ಮುಂದಿನ ಡಿಜಿಟಲ್ ಮೀಟರಿನಲ್ಲಿ ಒಂದು ಕೆಂಪು ಚುಕ್ಕೆ ಮಿಂಚುತ್ತಿರುತ್ತದೆ, ನೋಡಿದ್ದೀರಿ ಅಲ್ವಾ? ಪಕ್ಕದಲ್ಲಿ 3200 ಇಂಪಲ್ಸ್ ಅಥವಾ 1600 ಎಂದು ಬರೆದಿರುತ್ತದೆ. ಒಂದು ಯೂನಿಟ್ಟಿಗೆ ಅಷ್ಟು ಮಿಂಚು. 36 ಲಕ್ಷವನ್ನು ಆ ಸಂಖ್ಯೆಯಿಂದ ಭಾಗಿಸಿ. 3200 ಆದರೆ 1125. ಎರಡು ಮಿಂಚಿನ ನಡುವೆ ಎಷ್ಟು ಸೆಕೆಂಡೋ ಅದರಿಂದ 1125ನ್ನು ಭಾಗಿಸಿದರೆ ಆ ಹೊತ್ತಿಗೆ ಮನೆ ಎಳೆಯುತ್ತಿರುವ ವ್ಯಾಟ್. ಬೇಗ ಬೇಗ ಮಿಂಚುತ್ತಿದ್ದರೆ ಹತ್ತು ಮಿಂಚಿನ ಸಮಯ ತೆಗೆದುಕೊಳ್ಳಿ. ಮೊದಲ ಮಿಂಚಿಗೆ ಒಂದು ಎನ್ನದೆ ಸೊನ್ನೆ ಎಂದು ಎಣಿಕೆ ಶುರು ಮಾಡಿ. ಇಸ್ತ್ರಿಪೆಟ್ಟಿಗೆ ಒಂದೇ ಓಡುತ್ತಿದ್ದರೆ ಹತ್ತು ಮಿಂಚಿಗೆ ಹನ್ನೊಂದು ಸೆಕೆಂಡಿನ ಚಿಲ್ಲರೆ ಆಗಬೇಕು.

ಒಂದು ರಾತ್ರಿ ಎಲ್ಲ ಲೈಟು, ಫ್ಯಾನು ಆರಿಸಿ, ಫ್ರಿಜ್ ಪ್ಲಗ್ ಕಿತ್ತು, ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಜಗಲಿಯಲ್ಲಿ ಕೂತೆ. ಏನೂ ಓಡುತ್ತಿಲ್ಲ. ಆದರೂ 45 ಸೆಕೆಂಡಿಗೆ ಒಂದು ಮಿಂಚು. 25 ವ್ಯಾಟ್. ಹಗಲು ರಾತ್ರಿ ಸೇರಿ ತಿಂಗಳಿಗೆ 18 ಯೂನಿಟ್. ಟಿವಿ ಮತ್ತು ಸೆಟ್‌ಟಾಪ್ ಬಾಕ್ಸಿನ ಪ್ಲಗ್ ಕಿತ್ತೆ. ಮಿಂಚು ಎರಡು ನಿಮಿಷಕ್ಕೊಂದಾಯಿತು. ಉಳಿದ ಒಂಬತ್ತು ವ್ಯಾಟಿನಲ್ಲಿ ಹೆಚ್ಚಿನದು ವೈಫೈ ರೌಟರಿನದು. ಅದನ್ನು ರಾತ್ರಿ ಆಫ್ ಮಾಡಲು ಮನೆಯಲ್ಲಿ ಇನ್ನೂ ಯಾರೂ ಒಪ್ಪಿಲ್ಲ.